ಪುಟ ತೆರೆದ ಮೇಲೆ ಬಂದು ಸೇರುವ ಸ್ಕ್ರಿಪ್ಟ್‌ಗಳನ್ನು ಡೀಬಗ್ ಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಜಾವಾಸ್ಕ್ರಿಪ್ಟ್ ಬರೆಯಲು ಬಲ್ಲವರಾದರೂ, ಪುಟ ತೆರೆದುಕೊಂಡ ನಂತರ ಬಂದು ಸೇರುವ ಕೋಡಿನಲ್ಲಿ ದೋಷ ಹುಡುಕುವಾಗ ದಾರಿ ತಪ್ಪುವ ಡೆವಲಪರ್‌ಗಳಿಗಾಗಿ ಈ ಪುಟವನ್ನು ಸಿದ್ಧಪಡಿಸಲಾಗಿದೆ. ಮೆನು ಮತ್ತು ಟ್ಯಾಬ್‌ಗಳ ಹೆಸರುಗಳು ಕ್ರೋಮ್ ಬ್ರೌಸರಿನ ಡೆವ್‌ಟೂಲ್ಸ್‌ನಲ್ಲಿ (ಡೆವಲಪರ್‌ಗಳಿಗಾಗಿ ಬ್ರೌಸರಿನೊಳಗೇ ಇರುವ ಉಪಕರಣದಲ್ಲಿ) ಇರುವಂತಿವೆ. ಎಡ್ಜ್ ಕೂಡ ಅದೇ ತಳಹದಿಯ ಮೇಲೆ ನಿಂತಿರುವುದರಿಂದ ಅಲ್ಲಿಯೂ ಬಹುಪಾಲು ಇವೇ ಸಿಗುತ್ತವೆ. ಫೈರ್‌ಫಾಕ್ಸ್ ಮತ್ತು ಸಫಾರಿಗಳ ವ್ಯತ್ಯಾಸವನ್ನು ಮುಖ್ಯವಾದ ಕಡೆಗಳಲ್ಲಿ ಸೂಚಿಸಲಾಗಿದೆ. ಕೋಡಿನ ಪದಗಳನ್ನು ಉಚ್ಚಾರಕ್ಕೆ ತಕ್ಕಂತೆ ಕನ್ನಡದಲ್ಲಿ ಬರೆದಿದೆ. ಟೈಪ್ ಮಾಡುವಾಗ ಅವು ಇಂಗ್ಲಿಷ್ ಅಕ್ಷರಗಳಲ್ಲಿಯೇ ಇರಬೇಕು.

ಡೈನಾಮಿಕ್ ಆಗಿ ಲೋಡ್ ಆಗುವ ಸ್ಕ್ರಿಪ್ಟ್ ಎಂದರೆ ಯಾವುದು? ಅದನ್ನು ಬೇರೆಯಾಗಿ ನೋಡಬೇಕೇಕೆ?

ಸರ್ವರ್ ಕಳುಹಿಸಿದ ಎಚ್‌ಟಿಎಂಎಲ್‌ನಲ್ಲಿಯೇ ಸ್ಕ್ರಿಪ್ಟ್ ಟ್ಯಾಗ್ ಇದ್ದರೆ ಬ್ರೌಸರು ಅದನ್ನು ಓದುತ್ತಾ ಹೋಗುವಾಗಲೇ ತರಿಸಿಕೊಳ್ಳುತ್ತದೆ. ಅದಲ್ಲದೆ, ಈಗಾಗಲೇ ಓಡುತ್ತಿರುವ ಕೋಡು ಇನ್ನೊಂದು ಕೋಡನ್ನು ಕರೆತರುವ ದಾರಿಗಳು ಹಲವಿವೆ: ಕ್ರಿಯೇಟ್‌ಎಲಿಮೆಂಟ್ ಮೂಲಕ ಸ್ಕ್ರಿಪ್ಟ್ ಟ್ಯಾಗೊಂದನ್ನು ಸೃಷ್ಟಿಸಿ ಹೆಡ್‌ಗೆ ಸೇರಿಸುವುದು, ಕೋಡನ್ನು ಬರಿಯ ಪಠ್ಯವಾಗಿ ತರಿಸಿಕೊಂಡು, ಪಠ್ಯವನ್ನೇ ಕೋಡಾಗಿ ಓಡಿಸುವ ಇವ್ಯಾಲ್ ಅಥವಾ ನ್ಯೂ ಫಂಕ್ಷನ್‌ಗೆ ಒಪ್ಪಿಸುವುದು, ಆವರಣ ಚಿಹ್ನೆಯೊಂದಿಗೆ ಬರೆಯುವ ಇಂಪೋರ್ಟ್ ಕರೆಯನ್ನು ಬಳಸುವುದು, ಜೆಕ್ವೆರಿ ಎಂಬ ಲೈಬ್ರರಿಯ ಗೆಟ್‌ಸ್ಕ್ರಿಪ್ಟ್ ಅಥವಾ ಲೋಡ್ ವಿಧಾನಗಳಿಗೆ ಕೆಲಸ ವಹಿಸುವುದು, ಇತ್ಯಾದಿ.

ಇವೆಲ್ಲದರ ಫಲಿತಾಂಶ ಬಳಕೆದಾರರಿಗೆ ಒಂದೇ ರೀತಿ ಕಂಡರೂ ಡೀಬಗರ್‌ಗೆ ಒಂದೇ ಅಲ್ಲ. ಡೀಬಗರ್ ಪ್ರತಿಯೊಂದು ಕೋಡನ್ನೂ ಅದರ ವಿಳಾಸದಿಂದ, ಎಂದರೆ ಯುಆರ್‌ಎಲ್‌ನಿಂದ, ಗುರುತಿಸುತ್ತದೆ. ಬ್ರೇಕ್‌ಪಾಯಿಂಟ್ (ಕೋಡು ಓಡುತ್ತಾ ಬಂದು ನಿಲ್ಲಬೇಕಾದ ಸಾಲಿನ ಗುರುತು) ನೆನಪಿಡುವುದು, ದೋಷ ಸಂದೇಶದ ಬಲಗಡೆ ಫೈಲಿನ ಹೆಸರು ಮತ್ತು ಸಾಲಿನ ಸಂಖ್ಯೆ ತೋರಿಸುವುದು, ಸೋರ್ಸ್ ಮ್ಯಾಪ್ (ಮಾರ್ಪಟ್ಟ ಕೋಡನ್ನು ನೀವು ಬರೆದ ಮೂಲ ಸಾಲುಗಳಿಗೆ ಜೋಡಿಸುವ ನಕ್ಷೆ) ಹೊಂದಿಸುವುದು, ಯಾವ ಲೈಬ್ರರಿಯನ್ನು ಬಿಟ್ಟು ಮುಂದೆ ಹೋಗಬೇಕೆಂದು ತೀರ್ಮಾನಿಸುವುದು ಇವೆಲ್ಲವೂ ಆ ವಿಳಾಸದ ಆಧಾರದ ಮೇಲೆ ನಡೆಯುತ್ತವೆ. ಡೈನಾಮಿಕ್ ಸ್ಕ್ರಿಪ್ಟ್‌ಗಳಲ್ಲಿ ಎದುರಾಗುವ ತೊಡಕುಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವು ವಿಳಾಸ ಇಲ್ಲದಿರುವುದರಿಂದಲೋ, ಪ್ರತಿ ಸಲವೂ ಬದಲಾಗುವುದರಿಂದಲೋ ಹುಟ್ಟುತ್ತವೆ ಎಂಬುದು ನಮ್ಮ ಅಭಿಪ್ರಾಯ.

ಸೋರ್ಸಸ್ ಟ್ಯಾಬ್‌ನಲ್ಲಿ ನನ್ನ ಫೈಲೇ ಕಾಣಿಸುತ್ತಿಲ್ಲ. ಎಲ್ಲಿ ಹುಡುಕಬೇಕು?

ಮೊದಲು ಆ ಕೋಡು ನಿಜವಾಗಿಯೂ ಬಂದಿದೆಯೇ ಎಂದು ಖಚಿತಪಡಿಸಿಕೊಳ್ಳಿ. ನೆಟ್‌ವರ್ಕ್ ಟ್ಯಾಬ್ ತೆರೆದು, ಪುಟವನ್ನು ರಿಫ್ರೆಶ್ ಮಾಡಿ, ಆ ಸ್ಕ್ರಿಪ್ಟ್ ಬರಬೇಕಾದ ಬಟನನ್ನು ಒತ್ತಿ ನೋಡಿ. ಹೆಚ್ಚಿನವರು ಇಲ್ಲಿ ಜೆಎಸ್ ಎಂಬ ಫಿಲ್ಟರ್ ಹಾಕಿಕೊಂಡು ಫೈಲ್ ಇಲ್ಲವೆಂದು ತೀರ್ಮಾನಿಸುತ್ತಾರೆ. ಕೋಡನ್ನು ಎಕ್ಸ್‌ಎಚ್‌ಆರ್ ಅಥವಾ ಫೆಚ್ (ಓಡುತ್ತಿರುವ ಕೋಡು ಸರ್ವರಿಗೆ ಕೋರಿಕೆ ಕಳುಹಿಸುವ ವಿಧಾನಗಳು) ಮೂಲಕ ಪಠ್ಯವಾಗಿ ತರಿಸಿಕೊಂಡಿದ್ದರೆ ಅದು ಆ ಫಿಲ್ಟರ್‌ನ ಕೆಳಗೆ ಬರುವುದಿಲ್ಲ, ಫೆಚ್ ಮತ್ತು ಎಕ್ಸ್‌ಎಚ್‌ಆರ್ ಎಂಬ ಪಟ್ಟಿಯಲ್ಲಿ ಇರುತ್ತದೆ.

ಬಂದಿರುವುದು ಖಚಿತವಾದರೆ ಸೋರ್ಸಸ್ ಟ್ಯಾಬ್‌ನಲ್ಲಿ ಕಂಟ್ರೋಲ್ ಮತ್ತು ಪಿ ಒತ್ತಿ ಫೈಲಿನ ಹೆಸರಿನ ಒಂದು ಭಾಗವನ್ನು ಟೈಪ್ ಮಾಡಿ. ಅದರಲ್ಲಿಯೂ ಸಿಗದಿದ್ದರೆ ಕಂಟ್ರೋಲ್, ಶಿಫ್ಟ್ ಮತ್ತು ಎಫ್ ಒತ್ತಿದಾಗ ತೆರೆಯುವ ಹುಡುಕು ಪಟ್ಟಿಯಲ್ಲಿ ನಿಮ್ಮ ಕೋಡಿನಲ್ಲಿ ಮಾತ್ರ ಇರುವ ಯಾವುದಾದರೂ ವಿಶಿಷ್ಟ ಪದವನ್ನು, ಉದಾಹರಣೆಗೆ ಒಂದು ಫಂಕ್ಷನ್ನಿನ ಹೆಸರನ್ನು, ಕೊಡಿ. ಈ ಹುಡುಕಾಟವು ಆ ಕ್ಷಣಕ್ಕೆ ಲೋಡ್ ಆಗಿರುವ ಕೋಡಿನಲ್ಲಷ್ಟೇ ನಡೆಯುತ್ತದೆ. ಬಟನ್ ಒತ್ತುವ ಮೊದಲೇ ಹುಡುಕಿದರೆ ಫಲ ಸಿಗದು.

ಕನ್ಸೋಲಿನಲ್ಲಿ ದೋಷದ ಪಕ್ಕ ‘ವಿಎಂ 214:7’ ಎಂಬಂತಹ ಹೆಸರು ಬರುತ್ತದೆ. ಇದು ಯಾವ ಫೈಲು?

ಅದು ಯಾವ ಫೈಲೂ ಅಲ್ಲ. ವಿಳಾಸವಿಲ್ಲದೆ ಬಂದ ಕೋಡಿಗೆ ಕ್ರೋಮ್ ತಾನೇ ಕೊಟ್ಟುಕೊಳ್ಳುವ ತಾತ್ಕಾಲಿಕ ಗುರುತು. ಇವ್ಯಾಲ್ ಮೂಲಕ ಓಡಿಸಿದ ಕೋಡು, ಸ್ಕ್ರಿಪ್ಟ್ ಟ್ಯಾಗಿನೊಳಗೆ ಪಠ್ಯವನ್ನೇ ತುಂಬಿ ಸೇರಿಸಿದ ಕೋಡು, ನೀವು ಕನ್ಸೋಲಿನಲ್ಲಿ ಟೈಪ್ ಮಾಡಿದ ಸಾಲು, ಇವೆಲ್ಲ ಹೀಗೆಯೇ ಕಾಣಿಸುತ್ತವೆ. ಸಂಖ್ಯೆಯು ಪ್ರತಿ ರಿಫ್ರೆಶ್‌ಗೂ ಬದಲಾಗುವುದರಿಂದ ಇಂದು 214 ಇದ್ದದ್ದು ಮರುಕ್ಷಣ 231 ಆಗಬಹುದು. ಹಾಗಾಗಿ ಸಹೋದ್ಯೋಗಿಗೆ ದೋಷದ ಸ್ಕ್ರೀನ್‌ಶಾಟ್ ಕಳುಹಿಸುವಾಗ ಆ ಸಂಖ್ಯೆಯನ್ನು ಕಳುಹಿಸಿ ಪ್ರಯೋಜನವಿಲ್ಲ.

ಫೈರ್‌ಫಾಕ್ಸ್ ಈ ವಿಷಯದಲ್ಲಿ ಸ್ವಲ್ಪ ಹೆಚ್ಚು ಮಾತಾಳಿ. ಯಾವ ಫೈಲಿನ ಎಷ್ಟನೇ ಸಾಲಿನಿಂದ ಇವ್ಯಾಲ್ ಕರೆಯಲಾಯಿತು ಎಂಬುದನ್ನು ಅದು ಸ್ಟ್ಯಾಕಿನಲ್ಲಿಯೇ (ದೋಷದವರೆಗಿನ ಕರೆಗಳ ಸರಣಿಯಲ್ಲಿಯೇ) ಬರೆಯುತ್ತದೆ; ಸ್ಕ್ರಿಪ್ಟ್ ಟ್ಯಾಗಿನ ಮೂಲಕ ತೂರಿಸಿದ ಕೋಡಾದರೆ ಇಂಜೆಕ್ಟೆಡ್‌ಸ್ಕ್ರಿಪ್ಟ್ ಎಂದು ಹೇಳುತ್ತದೆ. ಸಫಾರಿ ಮಾತ್ರ ಅನಾನಿಮಸ್ ಸ್ಕ್ರಿಪ್ಟ್ ಎಂದು ಹೇಳಿ ಒಂದು ಸಂಖ್ಯೆ ಕೊಟ್ಟು ಸುಮ್ಮನಾಗುತ್ತದೆ.

ಅಂತಹ ಕೋಡಿಗೆ ನಾನೇ ಹೆಸರಿಡಬಹುದೇ?

ಇಡಬಹುದು, ಇಡಲೇಬೇಕು. ಕೋಡಿನ ಕೊನೆಯಲ್ಲಿ ಕೆಳಗಿನ ರೂಪದ ಒಂದು ಕಾಮೆಂಟ್ ಸೇರಿಸಿದರೆ ಸಾಕು:

//# ಸೋರ್ಸ್‌ಯುಆರ್‌ಎಲ್=ರಸೀದಿ-ಪಟ್ಟಿ.ಜೆಎಸ್

ಎರಡು ಓರೆಗೆರೆ, ಹ್ಯಾಷ್ ಚಿಹ್ನೆ, ಒಂದು ಖಾಲಿ ಜಾಗ, ನಂತರ ಸೋರ್ಸ್ ಎಂಬುದು ಸಣ್ಣಕ್ಷರದಲ್ಲಿ ಮತ್ತು ಅದಕ್ಕೆ ಅಂಟಿಕೊಂಡಂತೆ ಯುಆರ್‌ಎಲ್ ಎಂಬುದು ದೊಡ್ಡಕ್ಷರದಲ್ಲಿ, ಸಮ ಚಿಹ್ನೆ, ಆಮೇಲೆ ನಿಮಗೆ ಬೇಕಾದ ಹೆಸರು. ಹೆಸರಿನ ನಡುವೆ ಖಾಲಿ ಜಾಗ ಇರಕೂಡದು. ಇದ್ದರೆ ಬ್ರೌಸರು ಇಡೀ ಸಾಲನ್ನು ಕಡೆಗಣಿಸುತ್ತದೆ ಮತ್ತು ಕಡೆಗಣಿಸಿದ್ದೇನೆಂದು ತಿಳಿಸುವುದೂ ಇಲ್ಲ. ಒಮ್ಮೆ ಹೆಸರು ಬಿದ್ದ ಮೇಲೆ ಆ ಕೋಡು ಸೋರ್ಸಸ್ ಟ್ಯಾಬ್‌ನ ಮರದಲ್ಲಿ ಕಾಣಿಸುತ್ತದೆ. ಸಾಮಾನ್ಯವಾಗಿ ಅದು ನೋ ಡೊಮೇನ್ ಎಂಬ ಗುಂಪಿನಲ್ಲಿರುತ್ತದೆ. ಅದರಲ್ಲಿ ಇಟ್ಟ ಬ್ರೇಕ್‌ಪಾಯಿಂಟ್ ರಿಫ್ರೆಶ್ ನಂತರವೂ ಉಳಿಯುತ್ತದೆ, ದೋಷ ಸಂದೇಶಗಳಲ್ಲಿಯೂ ಅದೇ ಹೆಸರು ಬರುತ್ತದೆ.

ಹಳೆಯ ಕೋಡಿನಲ್ಲಿ ಹ್ಯಾಷ್ ಬದಲಿಗೆ ಅಟ್ ಚಿಹ್ನೆ ಇರುವುದನ್ನು ನೀವು ನೋಡಿರಬಹುದು. ಫೈರ್‌ಫಾಕ್ಸ್‌ಗಾಗಿ 2006ರಲ್ಲಿ ಬಂದು 2017ರವರೆಗೆ ಬಾಳಿದ ಫೈರ್‌ಬಗ್ ಉಪಕರಣದ ಕಾಲದ ರೂಢಿ ಅದು. ಆದರೆ ಇಂಟರ್ನೆಟ್ ಎಕ್ಸ್‌ಪ್ಲೋರರ್ ಕಾಮೆಂಟಿನಲ್ಲಿ ಅಟ್ ಚಿಹ್ನೆ ಕಂಡರೆ ಅದನ್ನು ತನ್ನದೇ ಆದ ಷರತ್ತುಬದ್ಧ ಕಂಪೈಲ್ ಸೂಚನೆಯೆಂದು ಭಾವಿಸುತ್ತಿದ್ದುದರಿಂದ ಘರ್ಷಣೆ ಉಂಟಾಗಿ, ಹ್ಯಾಷ್ ಚಿಹ್ನೆಗೆ ಬದಲಾಯಿಸಲಾಯಿತು. ಹೊಸದಾಗಿ ಬರೆಯುವಾಗ ಹ್ಯಾಷ್ ಮಾತ್ರ ಬಳಸಿ.

ಹೆಸರನ್ನು ಪ್ರತಿ ತುಣುಕಿಗೂ ಬೇರೆಯಾಗಿಡಿ. ಹತ್ತು ತುಣುಕುಗಳಿಗೂ ಒಂದೇ ಹೆಸರಿಟ್ಟರೆ ವಿಎಂ ಸಂಖ್ಯೆಗಳೇ ವಾಸಿಯಾಗಿದ್ದವು ಎನಿಸುತ್ತದೆ.

ಬ್ರೇಕ್‌ಪಾಯಿಂಟ್ ಇಟ್ಟಿದ್ದೇನೆ, ಆದರೆ ರಿಫ್ರೆಶ್ ಮಾಡಿದ ಮೇಲೆ ಅಲ್ಲಿ ನಿಲ್ಲುವುದೇ ಇಲ್ಲ. ಏಕೆ?

ವಿಳಾಸ ಬದಲಾಗಿದೆ. ನೆಟ್‌ವರ್ಕ್ ಟ್ಯಾಬ್‌ನಲ್ಲಿ ಆ ಫೈಲಿನ ಪೂರ್ಣ ವಿಳಾಸ ನೋಡಿ. ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ, ಒಂದು ಅಡಿಗೆರೆ, ಸಮ ಚಿಹ್ನೆ ಮತ್ತು ಹದಿಮೂರು ಅಂಕಿಗಳ ಒಂದು ಸಂಖ್ಯೆ ಇದ್ದರೆ ಅದು ಜೆಕ್ವೆರಿಯ ಕೆಲಸ. ಗೆಟ್‌ಸ್ಕ್ರಿಪ್ಟ್ ವಿಧಾನವು ಹಳೆಯ ಪ್ರತಿ ಕ್ಯಾಷ್‌ನಿಂದ ಬಾರದಿರಲೆಂದು ತಾನಾಗಿಯೇ ಆ ಕ್ಷಣದ ಸಮಯವನ್ನು ಮಿಲಿಸೆಕೆಂಡುಗಳಲ್ಲಿ ವಿಳಾಸಕ್ಕೆ ಅಂಟಿಸುತ್ತದೆ. ಇದರಿಂದ ಪ್ರತಿ ಸಲವೂ ಅದು ಹೊಸ ಫೈಲು. ನೀವು ಬ್ರೇಕ್‌ಪಾಯಿಂಟ್ ಇಟ್ಟದ್ದು ಇನ್ನೆಂದೂ ಮರಳಿ ಬಾರದ ಹಳೆಯ ವಿಳಾಸದಲ್ಲಿ.

ಇಷ್ಟೇ ಆಗಿದ್ದರೆ ಪರಿಹಾರ ಸುಲಭವಿತ್ತು. ಜೆಕ್ವೆರಿಯ 3ನೇ ಆವೃತ್ತಿಯವರೆಗೆ ಗೆಟ್‌ಸ್ಕ್ರಿಪ್ಟ್ ನಡೆದುಕೊಳ್ಳುವ ರೀತಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸ್ಕ್ರಿಪ್ಟ್ ನಿಮ್ಮದೇ ಡೊಮೇನಿನಲ್ಲಿದ್ದರೆ ಅದು ಎಕ್ಸ್‌ಎಚ್‌ಆರ್ ಮೂಲಕ ಪಠ್ಯವನ್ನು ತರಿಸಿ ಗ್ಲೋಬಲ್‌ಇವ್ಯಾಲ್‌ಗೆ ಕೊಡುತ್ತದೆ. ಬೇರೆ ಡೊಮೇನಿನಲ್ಲಿದ್ದರೆ ಮಾತ್ರ ನಿಜವಾದ ಸ್ಕ್ರಿಪ್ಟ್ ಟ್ಯಾಗ್ ಸೃಷ್ಟಿಸುತ್ತದೆ. ಎಂದರೆ ನಿಮ್ಮ ಸ್ವಂತ ಫೈಲಿಗೇ ವಿಳಾಸವಿಲ್ಲ, ಹೊರಗಿನವರ ಫೈಲಿಗೆ ಇದೆ. ಗ್ಲೋಬಲ್‌ಇವ್ಯಾಲ್ ತಾತ್ಕಾಲಿಕವಾಗಿ ಒಂದು ಸ್ಕ್ರಿಪ್ಟ್ ಟ್ಯಾಗ್ ಮಾಡಿ, ಕೋಡು ಓಡಿದ ಕೂಡಲೇ ಅದನ್ನು ತೆಗೆದುಹಾಕುವುದರಿಂದ ಎಲಿಮೆಂಟ್ಸ್ ಟ್ಯಾಬ್‌ನಲ್ಲಿ ಹುಡುಕಿದರೂ ಅದರ ಕುರುಹು ಇರುವುದಿಲ್ಲ. ಡೀಬಗ್ ಮಾಡುವಷ್ಟು ಕಾಲವಾದರೂ ಗೆಟ್‌ಸ್ಕ್ರಿಪ್ಟ್ ಬಿಟ್ಟು, ನಾಲ್ಕು ಸಾಲಿನಲ್ಲಿ ಸ್ಕ್ರಿಪ್ಟ್ ಟ್ಯಾಗ್ ಸೃಷ್ಟಿಸಿ ಹೆಡ್‌ಗೆ ಸೇರಿಸುವ ಒಂದು ಚಿಕ್ಕ ಫಂಕ್ಷನ್ ಬರೆದುಕೊಳ್ಳುವುದು ಒಳ್ಳೆಯದು. ಆಮೇಲೆ ಹಳೆಯದಕ್ಕೆ ಮರಳುವ ಅಗತ್ಯ ಬಹಳ ಜನರಿಗೆ ಬೀಳುವುದಿಲ್ಲ.

ಸ್ಕ್ರಿಪ್ಟ್ ಬಂದ ಕೂಡಲೇ, ಅದರ ಮೊದಲ ಸಾಲಿನಲ್ಲಿಯೇ ನಿಲ್ಲಿಸಬೇಕು. ಸಾಧ್ಯವೇ?

ಕೋಡು ನಿಮ್ಮದೇ ಆಗಿದ್ದರೆ ಮೊದಲ ಸಾಲಿನಲ್ಲಿ ಡೀಬಗರ್ ಎಂಬ ಹೇಳಿಕೆಯನ್ನು ಬರೆಯಿರಿ. ಅದಕ್ಕೆ ವಿಳಾಸ ಬೇಕಿಲ್ಲ, ಇವ್ಯಾಲ್ ಒಳಗೂ ಕೆಲಸ ಮಾಡುತ್ತದೆ, ಎಲ್ಲ ಬ್ರೌಸರುಗಳಿಗೂ ಅರ್ಥವಾಗುತ್ತದೆ.

ಕೋಡು ನಿಮ್ಮದಲ್ಲದಿದ್ದರೆ ಎರಡು ದಾರಿಗಳಿವೆ. ಸೋರ್ಸಸ್ ಟ್ಯಾಬ್‌ನ ಬದಿಯಲ್ಲಿರುವ ಇವೆಂಟ್ ಲಿಸನರ್ ಬ್ರೇಕ್‌ಪಾಯಿಂಟ್ಸ್ ಪಟ್ಟಿಯಲ್ಲಿ ಸ್ಕ್ರಿಪ್ಟ್ ಎಂಬ ಗುಂಪನ್ನು ಬಿಡಿಸಿ, ಸ್ಕ್ರಿಪ್ಟ್ ಫಸ್ಟ್ ಸ್ಟೇಟ್‌ಮೆಂಟ್ ಎಂಬುದನ್ನು ಗುರುತು ಹಾಕಿದರೆ, ಟ್ಯಾಗಿನ ಮೂಲಕ ಬರುವ ಪ್ರತಿ ಹೊಸ ಸ್ಕ್ರಿಪ್ಟಿನ ಮೊದಲ ಹೇಳಿಕೆಯಲ್ಲಿ ಬ್ರೌಸರು ನಿಲ್ಲುತ್ತದೆ. ಜಾಹೀರಾತು, ಅನಲಿಟಿಕ್ಸ್ ಎಂದು ಮೂವತ್ತು ಸ್ಕ್ರಿಪ್ಟ್‌ಗಳಿರುವ ಪುಟದಲ್ಲಿ ಇದನ್ನು ಮೊದಲಿನಿಂದಲೇ ಹಾಕಿಟ್ಟರೆ ಎಫ್8 ಒತ್ತಿ ಒತ್ತಿ ಬೆರಳು ನೋಯುತ್ತದೆ. ಪುಟ ಪೂರ್ತಿ ತೆರೆದ ಮೇಲೆ, ಬಟನ್ ಒತ್ತುವ ತುಸು ಮೊದಲು ಗುರುತು ಹಾಕಿ.

ಎರಡನೆಯದು ಲೋಕಲ್ ಓವರ್‌ರೈಡ್ಸ್. 2018ರಲ್ಲಿ ಕ್ರೋಮ್‌ನ 65ನೇ ಆವೃತ್ತಿಯಲ್ಲಿ ಬಂದ ಈ ಸೌಲಭ್ಯದಲ್ಲಿ ನಿಮ್ಮ ಕಂಪ್ಯೂಟರಿನ ಒಂದು ಫೋಲ್ಡರನ್ನು ಆರಿಸಿಕೊಟ್ಟರೆ, ಸರ್ವರಿನಿಂದ ಬರುವ ಫೈಲಿನ ಬದಲು ನೀವು ತಿದ್ದಿ ಉಳಿಸಿದ ಪ್ರತಿಯನ್ನು ಬ್ರೌಸರು ಬಳಸುತ್ತದೆ. ಗ್ರಾಹಕರ ಸರ್ವರಿನಲ್ಲಿರುವ, ನಿಮಗೆ ಮುಟ್ಟಲು ಅನುಮತಿಯಿಲ್ಲದ ಸ್ಕ್ರಿಪ್ಟಿನಲ್ಲಿಯೂ ಡೀಬಗರ್ ಹೇಳಿಕೆ ಹಾಕಿ ನೋಡಲು ಇದಕ್ಕಿಂತ ಅಚ್ಚುಕಟ್ಟಾದ ಉಪಾಯ ಇನ್ನೊಂದಿಲ್ಲ. ಕೆಲಸ ಮುಗಿದ ಮೇಲೆ ಓವರ್‌ರೈಡ್ ನಿಲ್ಲಿಸಲು ಮರೆತರೆ, ಸರ್ವರಿನಲ್ಲಿ ಫೈಲ್ ಬದಲಾದರೂ ನಿಮ್ಮ ಬ್ರೌಸರಿನಲ್ಲಿ ಮಾತ್ರ ಹಳೆಯದೇ ಓಡುತ್ತಿರುತ್ತದೆ.

ಡೀಬಗರ್ ಹೇಳಿಕೆ ಬರೆದರೂ ನಿಲ್ಲುತ್ತಿಲ್ಲವಲ್ಲ?

ಡೆವ್‌ಟೂಲ್ಸ್ ಮುಚ್ಚಿದ್ದರೆ ಆ ಹೇಳಿಕೆಗೆ ಯಾವ ಪರಿಣಾಮವೂ ಇಲ್ಲ. ತೆರೆದಿದ್ದೂ ನಿಲ್ಲದಿದ್ದರೆ ಬ್ರೇಕ್‌ಪಾಯಿಂಟ್‌ಗಳನ್ನು ಒಟ್ಟಾಗಿ ನಿಷ್ಕ್ರಿಯಗೊಳಿಸುವ ಬಟನ್ ಒತ್ತಿದೆಯೇ ನೋಡಿ. ಆಮೇಲೆ ಸೆಟ್ಟಿಂಗ್ಸ್‌ನ ಇಗ್ನೋರ್ ಲಿಸ್ಟ್ ಪುಟಕ್ಕೆ ಹೋಗಿ. ಇವ್ಯಾಲ್ ಮತ್ತು ಕನ್ಸೋಲಿನಿಂದ ಬಂದ ಹೆಸರಿಲ್ಲದ ಸ್ಕ್ರಿಪ್ಟ್‌ಗಳನ್ನು ಕಡೆಗಣಿಸುವ ಒಂದು ಆಯ್ಕೆ ಅಲ್ಲಿದೆ. ಅದು ಚಾಲೂ ಇದ್ದರೆ ನಿಮ್ಮ ಇಡೀ ಡೈನಾಮಿಕ್ ಕೋಡು ಡೀಬಗರ್‌ನ ಕಣ್ಣಿಗೆ ಬೀಳುವುದಿಲ್ಲ. ಇವೆಲ್ಲ ಸರಿಯಿದ್ದರೆ, ಓಡುತ್ತಿರುವುದು ನೀವು ತಿದ್ದಿದ ಪ್ರತಿಯೇ ಅಲ್ಲ.

ರಿಫ್ರೆಶ್ ಮಾಡಿದರೂ ಹಳೆಯ ಪ್ರತಿಯೇ ಬರುತ್ತಿದೆ. ಕಂಟ್ರೋಲ್, ಶಿಫ್ಟ್, ಆರ್ ಒತ್ತಿದರೂ ಅಷ್ಟೇ.

ಆ ಮೂರು ಕೀಲಿಗಳ ಒತ್ತು ಪುಟ ಲೋಡ್ ಆಗುವಾಗ ಕೇಳುವ ಫೈಲುಗಳಿಗೆ ಕ್ಯಾಷ್ ಬಿಟ್ಟು ಹೋಗುವಂತೆ ಮಾಡುತ್ತದೆ. ಅನಂತರ ಜಾವಾಸ್ಕ್ರಿಪ್ಟ್ ತಾನಾಗಿ ಕೇಳಿದ ಫೈಲುಗಳು ಕ್ಯಾಷ್‌ನಿಂದಲೇ ಬರಬಹುದು. ನೆಟ್‌ವರ್ಕ್ ಟ್ಯಾಬ್‌ನಲ್ಲಿ ಡಿಸೇಬಲ್ ಕ್ಯಾಷ್ ಗುರುತು ಹಾಕಿ ಡೆವ್‌ಟೂಲ್ಸ್ ತೆರೆದೇ ಇಟ್ಟುಕೊಳ್ಳಿ. ಮುಚ್ಚಿದ ಕೂಡಲೇ ಆ ಆಯ್ಕೆ ಕೆಲಸ ನಿಲ್ಲಿಸುತ್ತದೆ. ಸೈಟಿಗೆ ಸರ್ವಿಸ್ ವರ್ಕರ್ (ಕೋರಿಕೆಗಳನ್ನು ನಡುವೆ ತಡೆದು ತಾನೇ ಉತ್ತರಿಸಬಲ್ಲ ಹಿನ್ನೆಲೆಯ ಸ್ಕ್ರಿಪ್ಟ್) ಇದ್ದರೆ ಅಪ್ಲಿಕೇಶನ್ ಟ್ಯಾಬ್‌ನಲ್ಲಿ ಬೈಪಾಸ್ ಫಾರ್ ನೆಟ್‌ವರ್ಕ್ ಎಂಬುದನ್ನೂ ಗುರುತು ಹಾಕಬೇಕು.

ಎಚ್‌ಟಿಎಂಎಲ್ ತುಣುಕನ್ನು ತಂದು ಪುಟದೊಳಗೆ ಹಾಕುತ್ತೇನೆ. ತುಣುಕು ಕಾಣಿಸುತ್ತದೆ, ಅದರೊಳಗಿನ ಸ್ಕ್ರಿಪ್ಟ್ ಮಾತ್ರ ಓಡುವುದಿಲ್ಲ.

ಈ ಪುಟದ ಪ್ರಶ್ನೆಗಳಲ್ಲಿ ಅತಿ ಹೆಚ್ಚು ಬಾರಿ ಬರುವುದು ಇದೇ. ಉತ್ತರವು ನೀವು ತುಣುಕನ್ನು ಹೇಗೆ ಒಳಗೆ ಹಾಕಿದಿರಿ ಎಂಬುದರ ಮೇಲೆ ನಿಂತಿದೆ.

ಇನ್ನರ್‌ಎಚ್‌ಟಿಎಂಎಲ್‌ಗೆ ನೇರವಾಗಿ ಕೊಟ್ಟಿದ್ದರೆ ಸ್ಕ್ರಿಪ್ಟ್ ಓಡುವುದಿಲ್ಲ. ಇದು ಬ್ರೌಸರಿನ ದೋಷವಲ್ಲ, ಎಚ್‌ಟಿಎಂಎಲ್ ನಿಯಮದಲ್ಲಿಯೇ ಹಾಗಿದೆ. ಟ್ಯಾಗ್ ಎಲಿಮೆಂಟ್ಸ್ ಟ್ಯಾಬ್‌ನಲ್ಲಿ ಸರಿಯಾಗಿಯೇ ಕಾಣಿಸುವುದರಿಂದ ಗೊಂದಲ ಹೆಚ್ಚುತ್ತದೆ, ಆದರೆ ಅದು ನಿರ್ಜೀವ. ಅಂತಹ ಟ್ಯಾಗನ್ನು ಕಿತ್ತು ಬೇರೆಡೆ ಹಾಕಿದರೂ ಓಡದು. ಕ್ರಿಯೇಟ್‌ಎಲಿಮೆಂಟ್ ಮೂಲಕ ಹೊಸ ಟ್ಯಾಗ್ ಮಾಡಿ, ಹಳೆಯದರ ಪಠ್ಯವನ್ನೂ ಗುಣಗಳನ್ನೂ ನಕಲಿಸಿ ಸೇರಿಸಬೇಕು.

ಜೆಕ್ವೆರಿಯ ಎಚ್‌ಟಿಎಂಎಲ್, ಅಪೆಂಡ್ ವಿಧಾನಗಳು ಇದಕ್ಕೆ ಅಪವಾದ. ಅವು ತುಣುಕಿನೊಳಗಿನ ಸ್ಕ್ರಿಪ್ಟ್‌ಗಳನ್ನು ಹುಡುಕಿ ತಾವೇ ಓಡಿಸುತ್ತವೆ. ತುಣುಕಿನಲ್ಲಿ ನಿಮ್ಮದೇ ಡೊಮೇನಿನ ಪ್ರತ್ಯೇಕ ಫೈಲಿನ ವಿಳಾಸವಿರುವ ಟ್ಯಾಗ್ ಇದ್ದರೆ, 3ನೇ ಆವೃತ್ತಿಯವರೆಗಿನ ಜೆಕ್ವೆರಿ ಆ ಫೈಲನ್ನು ಸಿಂಕ್ರೊನಸ್ ಎಕ್ಸ್‌ಎಚ್‌ಆರ್ ಮೂಲಕ, ಎಂದರೆ ಪುಟವನ್ನೇ ತಡೆದು ನಿಲ್ಲಿಸಿ, ತರಿಸುತ್ತದೆ. ಕನ್ಸೋಲಿನಲ್ಲಿ ಮುಖ್ಯ ಥ್ರೆಡ್‌ನ ಮೇಲೆ ಸಿಂಕ್ರೊನಸ್ ಎಕ್ಸ್‌ಎಚ್‌ಆರ್ ಬಳಕೆಯ ಬಗ್ಗೆ ಎಚ್ಚರಿಕೆ ಬಂದು, ನಾವೆಲ್ಲಿಯೂ ಅದನ್ನು ಬಳಸಿಲ್ಲವಲ್ಲ ಎಂದು ತಲೆ ಕೆರೆದುಕೊಳ್ಳುವವರು ಇಲ್ಲಿ ನೋಡಬೇಕು.

ಜೆಕ್ವೆರಿಯ ಲೋಡ್ ವಿಧಾನದಲ್ಲಿ ಇನ್ನೊಂದು ಬಲೆಯಿದೆ. ವಿಳಾಸವನ್ನಷ್ಟೇ ಕೊಟ್ಟರೆ ಸ್ಕ್ರಿಪ್ಟ್‌ಗಳು ಓಡುತ್ತವೆ. ವಿಳಾಸದ ನಂತರ ಖಾಲಿ ಜಾಗ ಬಿಟ್ಟು ಸೆಲೆಕ್ಟರ್ ಕೊಟ್ಟರೆ, ಉದಾಹರಣೆಗೆ ಬಂದ ಪುಟದಿಂದ ರಸೀದಿ ಎಂಬ ಐಡಿ ಇರುವ ಭಾಗವನ್ನು ಮಾತ್ರ ತೆಗೆದುಕೊಳ್ಳಲು ಹೇಳಿದರೆ, ಜೆಕ್ವೆರಿ ಎಲ್ಲ ಸ್ಕ್ರಿಪ್ಟ್‌ಗಳನ್ನೂ ಮೊದಲೇ ಕಿತ್ತೆಸೆದು ಉಳಿದದ್ದನ್ನು ಹಾಕುತ್ತದೆ. ಯಾವ ದೋಷ ಸಂದೇಶವೂ ಬರುವುದಿಲ್ಲ. ನಿನ್ನೆಯವರೆಗೆ ಓಡುತ್ತಿದ್ದ ಸ್ಕ್ರಿಪ್ಟ್, ಹೆಡರ್ ಎರಡು ಸಲ ಬರುತ್ತಿದೆಯೆಂದು ಯಾರೋ ಸೆಲೆಕ್ಟರ್ ಸೇರಿಸಿದ ಮೇಲೆ ನಿಂತುಹೋಗಿದ್ದರೆ ಕಾರಣ ಇಷ್ಟೇ.

‘ಅನ್‌ಎಕ್ಸ್‌ಪೆಕ್ಟೆಡ್ ಟೋಕನ್ <’ ಎಂಬ ದೋಷ ಮೊದಲ ಸಾಲಿನಲ್ಲಿಯೇ ಬರುತ್ತದೆ. ನನ್ನ ಫೈಲಿನ ಮೊದಲ ಸಾಲಿನಲ್ಲಿ ಆ ಚಿಹ್ನೆಯೇ ಇಲ್ಲ.

ನಿಮ್ಮ ಫೈಲಿನಲ್ಲಿ ಇಲ್ಲ, ಆದರೆ ಬ್ರೌಸರಿಗೆ ಸಿಕ್ಕಿದ್ದು ನಿಮ್ಮ ಫೈಲಲ್ಲ. ನೆಟ್‌ವರ್ಕ್ ಟ್ಯಾಬ್‌ನಲ್ಲಿ ಆ ಸಾಲನ್ನು ಒತ್ತಿ ರೆಸ್ಪಾನ್ಸ್ ಭಾಗವನ್ನು ತೆರೆದು ನೋಡಿದರೆ ಅಲ್ಲಿ ಜಾವಾಸ್ಕ್ರಿಪ್ಟ್ ಬದಲು ಡಾಕ್‌ಟೈಪ್‌ನಿಂದ ಆರಂಭವಾಗುವ ಒಂದು ಎಚ್‌ಟಿಎಂಎಲ್ ಪುಟ ಕಾಣುತ್ತದೆ.

ಸ್ಟೇಟಸ್ ಕಾಲಂ ನೋಡಿ. ಅಲ್ಲಿ 404 ಇದ್ದಿದ್ದರೆ ಬ್ರೌಸರು ಆ ಉತ್ತರವನ್ನು ಓಡಿಸುತ್ತಲೇ ಇರಲಿಲ್ಲ, ಎರರ್ ಘಟನೆಯನ್ನು ಹೊಮ್ಮಿಸಿ ಸುಮ್ಮನಾಗುತ್ತಿತ್ತು. ಈ ದೋಷ ಬಂದಿದೆಯೆಂದರೆ ಸರ್ವರು 200 ಎಂದು ಹೇಳಿ ಎಚ್‌ಟಿಎಂಎಲ್ ಕೊಟ್ಟಿದೆ. ಹೀಗಾಗುವುದು ಮುಖ್ಯವಾಗಿ ಎರಡು ಸಂದರ್ಭಗಳಲ್ಲಿ. ಸಿಂಗಲ್ ಪೇಜ್ ಅಪ್ಲಿಕೇಶನ್ನುಗಳ ಸರ್ವರನ್ನು ಯಾವ ವಿಳಾಸ ಕೇಳಿದರೂ ಮುಖ್ಯ ಪುಟವನ್ನೇ ಕೊಡುವಂತೆ ಹೊಂದಿಸಿರುತ್ತಾರೆ. ಸ್ಕ್ರಿಪ್ಟಿನ ವಿಳಾಸದಲ್ಲಿ ಒಂದಕ್ಷರ ತಪ್ಪಿದರೂ ಮುಖ್ಯ ಪುಟವೇ ಬಂದುಬಿಡುತ್ತದೆ. ಎರಡನೆಯದು ಲಾಗಿನ್ ಅವಧಿ ಮುಗಿದಿರುವುದು. ಬಳಕೆದಾರರು ಪುಟ ತೆರೆದಿಟ್ಟು ಊಟಕ್ಕೆ ಹೋಗಿ ಬಂದು ಬಟನ್ ಒತ್ತುತ್ತಾರೆ, ಸ್ಕ್ರಿಪ್ಟಿಗಾಗಿ ಹೋದ ಕೋರಿಕೆಯನ್ನು ಸರ್ವರು 302 ಕೊಟ್ಟು ಲಾಗಿನ್ ಪುಟಕ್ಕೆ ತಿರುಗಿಸುತ್ತದೆ, ಲಾಗಿನ್ ಪುಟ 200 ಎಂದು ಬರುತ್ತದೆ, ಬ್ರೌಸರು ಅದನ್ನು ಜಾವಾಸ್ಕ್ರಿಪ್ಟ್ ಎಂದು ಓದಲು ಹೋಗಿ ಮೊದಲ ಚಿಹ್ನೆಯಲ್ಲಿಯೇ ಎಡವುತ್ತದೆ. ಡೆವಲಪರ್ ತಮ್ಮ ಮೇಜಿನಲ್ಲಿ ಪರೀಕ್ಷಿಸಿದಾಗ ಅವಧಿ ಮುಗಿದಿರುವುದಿಲ್ಲವಾದ್ದರಿಂದ ಇದು ಎಂದೂ ಮರುಕಳಿಸದ ದೋಷವೆಂದು ದಾಖಲಾಗುತ್ತದೆ.

ಸರ್ವರು ನೋಸ್ನಿಫ್ ಹೆಡರ್ (ಫೈಲಿನ ಬಗೆಯನ್ನು ಊಹಿಸಬಾರದೆಂಬ ಸೂಚನೆ) ಕಳುಹಿಸುತ್ತಿದ್ದರೆ ಇದೇ ತೊಂದರೆಗೆ ಬೇರೆ ಸಂದೇಶ ಬರುತ್ತದೆ: ಮೈಮ್ ಟೈಪ್ (ಫೈಲು ಯಾವ ಬಗೆಯದೆಂದು ಸರ್ವರು ಹೇಳುವ ಗುರುತು) ಸರಿಯಿಲ್ಲದ್ದರಿಂದ ಸ್ಕ್ರಿಪ್ಟನ್ನು ಓಡಿಸಲು ನಿರಾಕರಿಸಲಾಗಿದೆ ಎಂದು. ಮಾಡ್ಯೂಲ್‌ಗಳಿಗೆ ಆ ಹೆಡರ್ ಇಲ್ಲದಿದ್ದರೂ ಮೈಮ್ ಟೈಪ್ ಪರೀಕ್ಷೆ ಕಡ್ಡಾಯ.

ಕೆಲವೊಮ್ಮೆ ಸರಿಯಾಗಿ ನಡೆಯುತ್ತದೆ, ಕೆಲವೊಮ್ಮೆ ‘ಈಸ್ ನಾಟ್ ಡಿಫೈನ್ಡ್’ ಎಂದು ಬರುತ್ತದೆ. ಏನು ಮಾಡಬೇಕು?

ಕೋಡಿನ ಮೂಲಕ ಸೇರಿಸಿದ ಸ್ಕ್ರಿಪ್ಟ್ ಟ್ಯಾಗ್‌ಗಳು ನೀವು ಹೇಳದಿದ್ದರೂ ಅಸಿಂಕ್ ಆಗಿಯೇ ವರ್ತಿಸುತ್ತವೆ: ಯಾವುದು ಮೊದಲು ಬರುತ್ತದೋ ಅದು ಮೊದಲು ಓಡುತ್ತದೆ. ಮೊದಲು ಲೈಬ್ರರಿ, ಆಮೇಲೆ ಅದರ ಪ್ಲಗಿನ್ ಎಂಬ ಕ್ರಮದಲ್ಲಿ ಸೇರಿಸಿದರೂ ಪ್ಲಗಿನ್ ಚಿಕ್ಕದಾದ್ದರಿಂದ ಮುಂಚೆ ಬಂದು ಓಡಬಹುದು. ಪ್ರತಿ ಟ್ಯಾಗ್‌ಗೂ ಅಸಿಂಕ್ ಗುಣವನ್ನು ಫಾಲ್ಸ್ ಎಂದು ಸ್ಪಷ್ಟವಾಗಿ ಕೊಟ್ಟರೆ ಸೇರಿಸಿದ ಕ್ರಮದಲ್ಲಿಯೇ ಓಡುತ್ತವೆ, ಆದರೆ ತರಿಸುವಿಕೆ ಸಮಾನಾಂತರವಾಗಿಯೇ ನಡೆಯುತ್ತದೆ.

ದೋಷವನ್ನು ಬೇಕೆಂದಾಗ ಮರುಕಳಿಸುವಂತೆ ಮಾಡಲು ನೆಟ್‌ವರ್ಕ್ ಟ್ಯಾಬ್‌ನ ಥ್ರಾಟ್ಲಿಂಗ್‌ನಲ್ಲಿ ನಿಧಾನ ಸಂಪರ್ಕವನ್ನು ಆರಿಸಿ. ಆಫೀಸಿನ ವೇಗದ ಸಂಪರ್ಕದಲ್ಲಿ ಅಡಗಿರುವ ಕ್ರಮದ ದೋಷಗಳು ಹೀಗೆ ಮಾಡಿದರೆ ಬೇಗ ಹೊರಬೀಳುತ್ತವೆ.

ಆನ್‌ಲೋಡ್ ಘಟನೆಯನ್ನು ಯಶಸ್ಸಿನ ಸಾಕ್ಷಿಯೆಂದು ನಂಬಬೇಡಿ. ಫೈಲ್ ಬಂತು ಎಂದಷ್ಟೇ ಅದರ ಅರ್ಥ. ಒಳಗೆ ಸಿಂಟ್ಯಾಕ್ಸ್ ದೋಷವಿದ್ದು ಒಂದು ಸಾಲೂ ಓಡದಿದ್ದರೂ ಆನ್‌ಲೋಡ್ ಹೊಮ್ಮುತ್ತದೆ. ಬೇಕಾದ ಫಂಕ್ಷನ್ ನಿಜವಾಗಿಯೂ ಇದೆಯೇ ಎಂದು ಆನ್‌ಲೋಡ್ ಒಳಗೆ ಪರೀಕ್ಷಿಸಿ.

ದೋಷ ದಾಖಲೆಗಳಲ್ಲಿ ಬರೀ ‘ಸ್ಕ್ರಿಪ್ಟ್ ಎರರ್’ ಎಂದಿದೆ, ಸಾಲಿನ ಸಂಖ್ಯೆ ಸೊನ್ನೆ.

ಸ್ಕ್ರಿಪ್ಟ್ ಬೇರೆ ಡೊಮೇನಿನಿಂದ ಬಂದಿದ್ದರೆ ಅದರ ದೋಷದ ವಿವರವನ್ನು ಬ್ರೌಸರು ನಿಮ್ಮ ವಿಂಡೋ ಆನ್‌ಎರರ್ ಫಂಕ್ಷನ್ನಿಗೆ ಕೊಡುವುದಿಲ್ಲ. ಇನ್ನೊಂದು ಸೈಟಿನ ಮಾಹಿತಿ ಸೋರಬಾರದೆಂಬ ಕಾರಣಕ್ಕೆ ಹೀಗಿದೆ. ನಿಮ್ಮ ಕಂಪ್ಯೂಟರಿನ ಕನ್ಸೋಲಿನಲ್ಲಿ ಪೂರ್ಣ ಸಂದೇಶ ಕಾಣಿಸುತ್ತದೆ, ದೂರದ ಬಳಕೆದಾರರಿಂದ ಬರುವ ದಾಖಲೆಯಲ್ಲಿ ಮಾತ್ರ ಇರುವುದಿಲ್ಲ. ಪರಿಹಾರಕ್ಕೆ ಎರಡೂ ಕಡೆಯ ಒಪ್ಪಿಗೆ ಬೇಕು. ಸ್ಕ್ರಿಪ್ಟ್ ಟ್ಯಾಗಿಗೆ ಕ್ರಾಸ್‌ಒರಿಜಿನ್ ಗುಣವನ್ನು ಅನಾನಿಮಸ್ ಎಂದು ಕೊಡಬೇಕು, ಸ್ಕ್ರಿಪ್ಟ್ ಇರುವ ಸರ್ವರು ಆಕ್ಸೆಸ್ ಕಂಟ್ರೋಲ್ ಅಲೋ ಒರಿಜಿನ್ ಹೆಡರ್ ಕಳುಹಿಸಬೇಕು. ಕೋಡಿನಲ್ಲಿ ಟ್ಯಾಗ್ ಸೃಷ್ಟಿಸುವಾಗ ಆ ಗುಣವನ್ನು ಎಸ್‌ಆರ್‌ಸಿಗಿಂತ ಮೊದಲು ಕೊಡುವ ಅಭ್ಯಾಸ ಒಳ್ಳೆಯದು. ಸರ್ವರು ಹೆಡರ್ ಕಳುಹಿಸದೆ ಟ್ಯಾಗಿಗೆ ಮಾತ್ರ ಗುಣ ಸೇರಿಸಿದರೆ ಸ್ಕ್ರಿಪ್ಟ್ ಲೋಡ್ ಆಗುವುದೇ ನಿಂತುಹೋಗುತ್ತದೆ, ಜೋಕೆ.

ಈ ಸ್ಕ್ರಿಪ್ಟನ್ನು ಪುಟಕ್ಕೆ ಸೇರಿಸುತ್ತಿರುವವರು ಯಾರು ಎಂದು ಕಂಡುಹಿಡಿಯುವುದು ಹೇಗೆ?

ನೆಟ್‌ವರ್ಕ್ ಟ್ಯಾಬ್‌ನ ಇನಿಶಿಯೇಟರ್ ಕಾಲಂ ಮೇಲೆ ಮೌಸ್ ಇಟ್ಟರೆ ಕೋರಿಕೆಗೆ ಕಾರಣವಾದ ಕರೆಗಳ ಸರಣಿ ಕಾಣುತ್ತದೆ. ಟ್ಯಾಗ್ ಮ್ಯಾನೇಜರ್ ಒಂದು ಸ್ಕ್ರಿಪ್ಟ್ ತಂದು, ಅದು ಇನ್ನೊಂದನ್ನು ತಂದು, ಅದು ಮತ್ತೊಂದನ್ನು ತರುವ ಪುಟಗಳಲ್ಲಿ ಇದೊಂದೇ ಸಾಕಾಗದಿರಬಹುದು. ಆಗ ಎಲಿಮೆಂಟ್ಸ್ ಟ್ಯಾಬ್‌ನಲ್ಲಿ ಹೆಡ್ ಟ್ಯಾಗಿನ ಮೇಲೆ ಬಲ ಕ್ಲಿಕ್ ಮಾಡಿ, ಬ್ರೇಕ್ ಆನ್ ಎಂಬುದರಲ್ಲಿ ಸಬ್‌ಟ್ರೀ ಮಾಡಿಫಿಕೇಶನ್ಸ್ ಆರಿಸಿ. ಯಾರೇ ಹೆಡ್‌ಗೆ ಏನನ್ನಾದರೂ ಸೇರಿಸಿದ ಆ ಕ್ಷಣದಲ್ಲಿಯೇ ಡೀಬಗರ್ ನಿಂತು, ಕಾಲ್ ಸ್ಟ್ಯಾಕಿನಲ್ಲಿ ಕರೆದವರ ಗುರುತು ಸಿಗುತ್ತದೆ. ಪಠ್ಯವಾಗಿ ತರಿಸುವ ಕೋಡಾದರೆ ಎಕ್ಸ್‌ಎಚ್‌ಆರ್ ಮತ್ತು ಫೆಚ್ ಬ್ರೇಕ್‌ಪಾಯಿಂಟ್‌ನಲ್ಲಿ ವಿಳಾಸದ ಒಂದು ತುಂಡನ್ನು ಕೊಡಿ.

ಎರಡನೇ ಸಲ ತೆರೆದಾಗ ‘ಐಡೆಂಟಿಫೈಯರ್ ಹ್ಯಾಸ್ ಆಲ್ರೆಡಿ ಬೀನ್ ಡಿಕ್ಲೇರ್ಡ್’ ಎಂಬ ದೋಷ ಬರುತ್ತದೆ.

ಸ್ಕ್ರಿಪ್ಟ್ ಎರಡು ಸಲ ಓಡಿದೆ. ಹೊರಮಟ್ಟದಲ್ಲಿ ಲೆಟ್ ಅಥವಾ ಕಾನ್ಸ್ಟ್ ಬಳಸಿದ್ದರೆ ಹೀಗೆ ಕೂಗಿ ಹೇಳುತ್ತದೆ. ವಾರ್ ಬಳಸಿದ್ದರೆ ಸದ್ದಿಲ್ಲದೆ ಓಡಿ, ಕ್ಲಿಕ್ ಹ್ಯಾಂಡ್ಲರ್‌ಗಳು ಎರಡೆರಡು ಬಾರಿ ಅಂಟಿಕೊಂಡು, ಒಂದು ಸಲ ಸೇವ್ ಒತ್ತಿದರೆ ಎರಡು ದಾಖಲೆ ಸೃಷ್ಟಿಯಾಗುತ್ತವೆ. ಆ ದೃಷ್ಟಿಯಿಂದ ದೋಷ ಬಂದದ್ದೇ ಒಳ್ಳೆಯದಾಯಿತು. ಇಂಪೋರ್ಟ್ ಮೂಲಕ ತರಿಸಿದ ಮಾಡ್ಯೂಲ್ ಒಂದು ಪುಟದಲ್ಲಿ ಒಂದು ವಿಳಾಸಕ್ಕೆ ಒಮ್ಮೆ ಮಾತ್ರ ಓಡುತ್ತದೆ. ವಿಳಾಸದ ಕೊನೆಗೆ ಸಮಯ ಅಂಟಿಸಿದರೆ ಅಲ್ಲಿಯೂ ಅದು ಹೊಸ ಮಾಡ್ಯೂಲೆಂದೇ ಲೆಕ್ಕ.

ಕೋಡನ್ನು ಒಟ್ಟುಗೂಡಿಸುವ ವೆಬ್‌ಪ್ಯಾಕ್ ಉಪಕರಣ ಬಳಸುತ್ತೇವೆ. ‘ಚಂಕ್ ಲೋಡ್ ಎರರ್’ ಬರುವುದೇಕೆ? ಸೋರ್ಸ್ ಮ್ಯಾಪ್ ಏಕೆ ಸಿಗುತ್ತಿಲ್ಲ?

ಮೊದಲನೆಯದು ಬಹುತೇಕ ಹೊಸ ಆವೃತ್ತಿ ಏರಿಸಿದ ನಂತರ ಕಾಣುವ ದೋಷ. ಚಂಕ್ ಫೈಲುಗಳ (ವೆಬ್‌ಪ್ಯಾಕ್ ಮಾಡುವ ಕೋಡಿನ ತುಂಡುಗಳ) ಹೆಸರಿನಲ್ಲಿ ಹ್ಯಾಷ್ ಸಂಖ್ಯೆ, ಎಂದರೆ ಒಳಗಿನ ಕೋಡಿನಿಂದ ಲೆಕ್ಕ ಹಾಕಿದ ಗುರುತು, ಇರುತ್ತದೆ. ಬೆಳಿಗ್ಗೆಯಿಂದ ಪುಟ ತೆರೆದಿಟ್ಟವರ ಬ್ರೌಸರು ಹಳೆಯ ಹೆಸರನ್ನು ಕೇಳುತ್ತದೆ, ಸರ್ವರಿನಿಂದ ಅದು ಅಳಿಸಿಹೋಗಿರುತ್ತದೆ. ಹಳೆಯ ಚಂಕ್‌ಗಳನ್ನು ಕೆಲವು ದಿನ ಸರ್ವರಿನಲ್ಲಿ ಉಳಿಸಿಕೊಳ್ಳುವುದು ಸರಳ ಪರಿಹಾರ.

ಸೋರ್ಸ್ ಮ್ಯಾಪ್ ತರಿಸುವ ಕೋರಿಕೆಗಳು ಕ್ರೋಮ್‌ನ ನೆಟ್‌ವರ್ಕ್ ಟ್ಯಾಬ್‌ನಲ್ಲಿ ಕಾಣುವುದಿಲ್ಲ, ಡೆವಲಪರ್ ರಿಸೋರ್ಸಸ್ ಎಂಬ ಪ್ರತ್ಯೇಕ ಪಟ್ಟಿಯಲ್ಲಿ ಅವುಗಳ ಸೋಲು ಗೆಲುವು ತಿಳಿಯುತ್ತದೆ. ಡೆವಲಪ್‌ಮೆಂಟ್ ಮೋಡ್‌ನಲ್ಲಿ ವೆಬ್‌ಪ್ಯಾಕ್ ಪೂರ್ವನಿಯೋಜಿತವಾಗಿ ಪ್ರತಿ ಮಾಡ್ಯೂಲನ್ನೂ ಇವ್ಯಾಲ್‌ನಲ್ಲಿ ಸುತ್ತಿ, ಮೇಲೆ ಹೇಳಿದ ಸೋರ್ಸ್‌ಯುಆರ್‌ಎಲ್ ಕಾಮೆಂಟನ್ನೇ ಅಂಟಿಸುತ್ತದೆ. ಮೂಲ ಸಾಲುಗಳೇ ಬೇಕಾದರೆ ಡೆವ್‌ಟೂಲ್ ಆಯ್ಕೆಯನ್ನು ಇವ್ಯಾಲ್ ಸೋರ್ಸ್ ಮ್ಯಾಪ್ ಎಂದು ಬದಲಾಯಿಸಿ. ಅಂದಹಾಗೆ, ದಶಕಕ್ಕೂ ಹೆಚ್ಚು ಕಾಲ ಬರಿಯ ರೂಢಿಯ ಮೇಲೆ ನಡೆದ ಸೋರ್ಸ್ ಮ್ಯಾಪ್ ಸ್ವರೂಪವು 2024ರ ಡಿಸೆಂಬರ್‌ನಲ್ಲಿ ಎಕ್ಮಾ-426 ಎಂಬ ಅಧಿಕೃತ ಮಾನದಂಡವಾಯಿತು.

ಕಂಟೆಂಟ್ ಸೆಕ್ಯುರಿಟಿ ಪಾಲಿಸಿ (ಯಾವ ಸ್ಕ್ರಿಪ್ಟ್ ಓಡಬಹುದೆಂದು ಸೈಟು ಬ್ರೌಸರಿಗೆ ಹೇಳುವ ನಿಯಮಗಳು) ಇರುವ ಸೈಟಿನಲ್ಲಿ ಯಾವುದೂ ಓಡುತ್ತಿಲ್ಲ.

ಕನ್ಸೋಲಿನ ಕೆಂಪು ಸಂದೇಶವನ್ನು ಪೂರ್ತಿ ಓದಿ. ಯಾವ ನಿಯಮ ತಡೆಯಿತೆಂದು ಅದರಲ್ಲಿಯೇ ಇರುತ್ತದೆ. ಇವ್ಯಾಲ್ ತಡೆಯಲ್ಪಟ್ಟರೆ ಅನ್‌ಸೇಫ್ ಇವ್ಯಾಲ್ ಸೇರಿಸುವ ಬದಲು ಇವ್ಯಾಲ್ ಬಳಕೆಯನ್ನೇ ಬಿಡುವುದು ಮೇಲು. ನಾನ್ಸ್ (ಅನುಮತಿ ಪಡೆದ ಟ್ಯಾಗಿಗೆ ಪ್ರತಿ ಸಲ ಹೊಸದಾಗಿ ಕೊಡುವ ಗುರುತು) ಬಳಸುವ ಸೈಟಿನಲ್ಲಿ ಡೈನಾಮಿಕ್ ಟ್ಯಾಗಿಗೂ ಅದೇ ನಾನ್ಸ್ ಕೊಡಬೇಕು, ಇಲ್ಲವೇ ಸ್ಟ್ರಿಕ್ಟ್ ಡೈನಾಮಿಕ್ ಎಂಬ ನಿಯಮ ಇರಬೇಕು.

ಭಾಷಾಂತರದ ಸ್ಕ್ರಿಪ್ಟ್‌ನಲ್ಲಿರುವ ಕನ್ನಡ ಪಠ್ಯ ಪುಟದಲ್ಲಿ ಚಿತ್ರವಿಚಿತ್ರ ಲ್ಯಾಟಿನ್ ಅಕ್ಷರಗಳಾಗಿ ಕಾಣುತ್ತದೆ. ಫೈಲ್ ಸರಿಯಾಗಿಯೇ ಇದೆ.

ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರಚಿಹ್ನೆಗೂ ಮೂರು ಬೈಟ್ ಬೇಕು. ಬ್ರೌಸರು ಆ ಫೈಲನ್ನು ವಿಂಡೋಸ್-1252 ಎಂದು ತಪ್ಪಾಗಿ ಓದಿದರೆ ಒಂದೊಂದು ಬೈಟೂ ಒಂದೊಂದು ಲ್ಯಾಟಿನ್ ಅಕ್ಷರವಾಗಿ, ಪ್ರತಿ ಮೂರರಲ್ಲಿ ಮೊದಲನೆಯದು ತಲೆಯ ಮೇಲೆ ಓರೆಗೆರೆಯಿರುವ ಸಣ್ಣ ‘ಎ’ ಆಗಿರುತ್ತದೆ. ಆ ‘ಎ’ ಅಕ್ಷರದ ಸಾಲು ಕಂಡರೆ ಬೇರೆ ತಪಾಸಣೆ ಬೇಡ.

ಸಾಮಾನ್ಯ ಸ್ಕ್ರಿಪ್ಟ್ ಟ್ಯಾಗಿನ ಫೈಲಿಗೆ ಸರ್ವರು ಕ್ಯಾರ್‌ಸೆಟ್ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆದ ಪದ್ಧತಿ) ಹೇಳದಿದ್ದರೆ ಬ್ರೌಸರು ಪುಟದ ಎನ್‌ಕೋಡಿಂಗನ್ನೇ ಅನ್ವಯಿಸುತ್ತದೆ. ಎಕ್ಸ್‌ಎಚ್‌ಆರ್ ಮೂಲಕ ಬಂದ ಪಠ್ಯಕ್ಕಾದರೋ ಕ್ಯಾರ್‌ಸೆಟ್ ಇಲ್ಲದಿದ್ದರೆ ಯುಟಿಎಫ್-8 ಎಂದೇ ಭಾವಿಸುತ್ತದೆ. ಮಾಡ್ಯೂಲ್‌ಗಳು ಯಾವಾಗಲೂ ಯುಟಿಎಫ್-8. ಇದರಿಂದ ಒಂದು ವಿಚಿತ್ರ ಪರಿಸ್ಥಿತಿ ಒದಗುತ್ತದೆ: ಗೆಟ್‌ಸ್ಕ್ರಿಪ್ಟ್ ಬಳಸುವ ಹಳೆಯ ಅಪ್ಲಿಕೇಶನ್ನಿನಲ್ಲಿ ಭಾಷಾಂತರದ ಫೈಲ್ ಸ್ವಂತ ಸರ್ವರಿನಲ್ಲಿರುವಷ್ಟು ದಿನ ಕನ್ನಡ ಸರಿಯಾಗಿ ಕಾಣಿಸಿ, ಅದನ್ನು ಸಿಡಿಎನ್‌ಗೆ (ಫೈಲುಗಳನ್ನು ಹಂಚುವ ಹೊರಗಿನ ಸರ್ವರುಗಳ ಜಾಲಕ್ಕೆ) ಸ್ಥಳಾಂತರಿಸಿದ ದಿನವೇ ಕೆಡುತ್ತದೆ. ಮೇಲೆ ಹೇಳಿದಂತೆ ಡೊಮೇನ್ ಬದಲಾದಾಗ ಜೆಕ್ವೆರಿ ಎಕ್ಸ್‌ಎಚ್‌ಆರ್ ಬಿಟ್ಟು ಟ್ಯಾಗಿಗೆ ಬದಲಾಗುವುದೇ ಕಾರಣ. ಪುಟದ ಹೆಡ್‌ನಲ್ಲಿ ಮೆಟಾ ಕ್ಯಾರ್‌ಸೆಟ್ ಇದೆಯೇ ಎಂದು ಮೊದಲು ನೋಡಿ, ಆಮೇಲೆ ಸಿಡಿಎನ್‌ನ ಕಂಟೆಂಟ್ ಟೈಪ್ ಹೆಡರ್ ನೋಡಿ.

ಪಠ್ಯ ಸರಿಯಾಗಿ ಕಂಡರೂ ಕನ್ನಡ ಪದವನ್ನೇ ಕೀ ಆಗಿ ಬಳಸಿ ಹುಡುಕಿದಾಗ ಅನ್‌ಡಿಫೈನ್ಡ್ ಬಂದರೆ, ಕಣ್ಣಿಗೆ ಕಾಣದ ಜೀರೋ ವಿಡ್ತ್ ನಾನ್ ಜಾಯಿನರ್ ಅಕ್ಷರವನ್ನು ಅನುಮಾನಿಸಿ. ‘ಸಾಫ್ಟ್‌ವೇರ್’ ಎಂಬಂತಹ ಪದದಲ್ಲಿ ಒತ್ತಕ್ಷರ ಬೀಳದಿರಲೆಂದು ಕೆಲವು ಕೀಲಿಮಣೆಗಳಲ್ಲಿ ಅದನ್ನು ಹಾಕುತ್ತೇವೆ, ಕೆಲವು ಕಡೆ ಹಾಕುವುದಿಲ್ಲ. ಕನ್ಸೋಲಿನಲ್ಲಿ ಎರಡೂ ಪದಗಳ ಲೆಂಗ್ತ್ ಕೇಳಿದರೆ ಒಂದರ ವ್ಯತ್ಯಾಸ ಕಾಣುತ್ತದೆ. ಕೀಗಳಿಗೆ ಇಂಗ್ಲಿಷ್ ಅಕ್ಷರಗಳನ್ನು ಬಳಸಿ, ಕನ್ನಡವನ್ನು ಮೌಲ್ಯದ ಭಾಗದಲ್ಲಿ ಮಾತ್ರ ಇಡುವುದು ಕ್ಷೇಮ.

ಫೋನಿನಲ್ಲಿ ಮಾತ್ರ ಬರುವ ದೋಷವನ್ನು ನೋಡುವುದು ಹೇಗೆ?

ಆಂಡ್ರಾಯ್ಡ್ ಫೋನಿನಲ್ಲಿ ಯುಎಸ್‌ಬಿ ಡೀಬಗಿಂಗ್ ಚಾಲೂ ಮಾಡಿ ಕೇಬಲ್ ಮೂಲಕ ಕಂಪ್ಯೂಟರಿಗೆ ಜೋಡಿಸಿ, ಕ್ರೋಮ್‌ನ ವಿಳಾಸ ಪಟ್ಟಿಯಲ್ಲಿ ಕ್ರೋಮ್ ಇನ್‌ಸ್ಪೆಕ್ಟ್ ಪುಟವನ್ನು ತೆರೆದರೆ ಫೋನಿನ ಟ್ಯಾಬ್‌ಗಳ ಪಟ್ಟಿ ಬರುತ್ತದೆ. ಬೇಕಾದುದರ ಮೇಲೆ ಇನ್‌ಸ್ಪೆಕ್ಟ್ ಒತ್ತಿದರೆ ಮೇಲಿನ ಬಹುಪಾಲು ಉಪಾಯಗಳು ಹಾಗೆಯೇ ಅನ್ವಯಿಸುತ್ತವೆ. ಐಫೋನಿಗೆ ಮ್ಯಾಕ್ ಕಂಪ್ಯೂಟರಿನ ಸಫಾರಿಯ ಡೆವಲಪ್ ಮೆನು ಬೇಕು. ಫೋನಿನಲ್ಲಿ ಡೀಬಗರ್ ನಿಂತರೆ ಸ್ಪರ್ಶದ ಘಟನೆಗಳ ಕ್ರಮ ಕೆಡಬಹುದಾದ್ದರಿಂದ, ಅಲ್ಲಿ ಬ್ರೇಕ್‌ಪಾಯಿಂಟಿಗಿಂತ ಲಾಗ್‌ಪಾಯಿಂಟ್ ಹೆಚ್ಚು ಉಪಯುಕ್ತ: ಸಾಲಿನ ಸಂಖ್ಯೆಯ ಮೇಲೆ ಬಲ ಕ್ಲಿಕ್ ಮಾಡಿ ಅದನ್ನು ಸೇರಿಸಿದರೆ ಕೋಡು ನಿಲ್ಲದೆ, ನಿಮಗೆ ಬೇಕಾದ ಮೌಲ್ಯ ಕನ್ಸೋಲಿನಲ್ಲಿ ಮೂಡುತ್ತಾ ಹೋಗುತ್ತದೆ.